ಹತ್ತೊಂಬತ್ತು ಇಂಚಿನ ಸುಳ್ಳು

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಮೊದಲ ಹೆಣಿಗೆ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡೇ ಟಾರ್ಚಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

“ನಾನಮ್ಮ, ಠಾಣೆ ದಫೇದಾರ. ನೀವು ಮಾತಾಡಬೇಡಿ, ಬರೀ ಕೇಳಿಸ್ಕೊಳ್ಳಿ.”

ರಿಬ್ಬನ್ ಬಾಯಲ್ಲಿ ಇದ್ದದ್ದರಿಂದ ಮಾತಾಡುವ ಹಾಗೂ ಇರಲಿಲ್ಲ.

“ಆ ಕೆಂಪು ಕಾರನ್ನ ಹತ್ತು ಗಂಟೆಗೆ ನಿಮ್ಮ ಮೈದುನನ ಯಾರ್ಡಿಂದ ಸರ್ಕಾರಿ ಶೆಡ್ಡಿಗೆ ಸಾಗಿಸ್ತೀವಿ. ಆಮೇಲೆ ನಿಮ್ಮನ್ನ ಹತ್ತಿರಕ್ಕೂ ಬಿಡಲ್ಲ. ಹನ್ನೆರಡು ಗಂಟೆಗೆ ನಿಮ್ಮ ಯಜಮಾನ್ರು ಹೇಳಿಕೆಗೆ ಸಹಿ ಹಾಕ್ತಾರೆ. ಹಾಕಿದ್ರು ಅಂದ್ರೆ ಮುಗೀತು, ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ.”

ರಿಬ್ಬನ್ ಮಡಿಲಿಗೆ ಬಿತ್ತು. “ಈಜು ಟೀಚರ್ ಹೇಗಿದ್ದಾರೆ?”

“ಇನ್ನೂ ಕಣ್ಣು ಬಿಟ್ಟಿಲ್ಲ. ಆಗಬಾರದ್ದು ಏನಾದ್ರೂ ಆದ್ರೆ ಕೇಸಿನ ಹೆಸರೇ ಬೇರೆ ಆಗುತ್ತೆ. ನಿಮಗೆ ನಾನು ಹೇಳಬೇಕಾ?”

ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷದಿಂದ ವಿಮಾ ಕಂಪನಿಯವರಿಗಾಗಿ ನಜ್ಜುಗುಜ್ಜಾದ ಕಾರುಗಳ ಕೆಳಗೆ ಟಾರ್ಚ್ ಹಿಡಿದು ಮಲಗಿ, ತಪ್ಪು ರಸ್ತೆಯದೋ ಬ್ರೇಕಿನದೋ ಮನುಷ್ಯರದೋ ಎಂದು ಬರೆದುಕೊಡುವುದೇ ಅವಳ ಕೆಲಸ. ಊರಿನ ಗ್ಯಾರೇಜುಗಳವರೆಲ್ಲ ಸೇರಿ ಇಟ್ಟ ಹೆಸರು ಟಾರ್ಚಮ್ಮ. ಈ ಸಲ ಕಂಪನಿ ಅವಳನ್ನು ದೂರ ಇಟ್ಟಿತ್ತು. ಭಾನುವಾರ ಮಧ್ಯಾಹ್ನ ಮುಂದಿನ ಎಡ ಚಕ್ರ ಕಳಚಿ, ಕೆರೆಯ ತಿರುವಿನಲ್ಲಿ ಗೋಡೆಗೆ ಗುದ್ದಿದ್ದ ಈಜು ಟೀಚರಿನ ಆ ಕಾರಿಗೆ ಚಕ್ರ ಹಾಕಿದ್ದು ಟಾರ್ಚಮ್ಮನ ಗಂಡ. ಸೋಮವಾರ ಬೆಳಿಗ್ಗೆ ಅವನೇ ಠಾಣೆಗೆ ನಡೆದುಹೋಗಿ “ತಪ್ಪು ನನ್ನದು” ಎಂದಿದ್ದ.

“ಮರಿ, ಇವತ್ತು ಶಾಲೆಗೆ ಬೇಡ. ಪಕ್ಕದ ಮನೆ ಟೈಲರಮ್ಮನ ಹತ್ರ ಇರು. ನಾನು ಬಂದು ಇನ್ನೊಂದು ಜಡೆ ಹಾಕ್ತೀನಿ.”

ಒಂಬತ್ತು ವರ್ಷದ ಮಗಳು ತಲೆಯಾಡಿಸಿದಳು. ಬಾಯಿ ತೆರೆದಳು, ಮುಚ್ಚಿದಳು.

ಎದ್ದರೆ ಕೂತರೆ ನೂರು ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಮೀನಿಗೆ ಬಾಯಾರುತ್ತಾ? ಅಪ್ಪನಿಗೆ ಮೀಸೆ ಯಾಕೆ ಒಂದು ಕಡೆ ಗಿಡ್ಡ? ಭಾನುವಾರದಿಂದ ಒಂದೂ ಇಲ್ಲ. ಟಾರ್ಚಮ್ಮ ಒತ್ತಾಯ ಮಾಡಿರಲಿಲ್ಲ. ಗುದ್ದಿ ಹಣ್ಣು ಮಾಡಿದರೆ ಒಳಗೆಲ್ಲ ಕಪ್ಪಾಗುತ್ತದೆ.

ಮಗಳ ತೊಡೆಯ ಮೇಲೆ ನೋಟ್‌ಬುಕ್ ತೆರೆದಿತ್ತು. ಯಾವ ಗೆರೆ ಎಳೆದರೂ ತುದಿಯಲ್ಲೊಂದು ಬಸವನ ಹುಳು ಸುತ್ತದೆ ಬಿಡುವವಳಲ್ಲ ಇವಳು. ಶಾಲೆಯ ಮೇಡಂ ಬೈದೂ ಬೈದೂ ಸುಸ್ತಾಗಿದ್ದರು. ಹಿಂದಿನ ಪುಟದ ತುಂಬ ಹುಳುಗಳು ಹರಿದಾಡುತ್ತಿದ್ದವು. ಇವತ್ತಿನ ಪುಟದಲ್ಲಿ ತಲೆಬರಹದ ಕೆಳಗಿನ ಗೆರೆ ನೆಟ್ಟಗೆ ಹೋಗಿ ಸುಮ್ಮನೆ ನಿಂತಿತ್ತು.

ಪಾಪ, ಮನಸ್ಸು ಸರಿಯಿಲ್ಲ ಮಗುವಿಗೆ ಎಂದುಕೊಂಡು ಟಾರ್ಚಮ್ಮ ಚೀಲ ಹೆಗಲಿಗೆ ಏರಿಸಿದಳು.

*

ಯಾರ್ಡಿನ ಗೇಟಿನಲ್ಲಿ ಮೈದುನ ಕಾದಿದ್ದ. ಕೆಟ್ಟ ಗಾಡಿಗಳನ್ನು ಕೊಕ್ಕೆ ಹಾಕಿ ಎಳೆದು ತರುವ ಟ್ರಕ್ಕು ಅವನದು. ಹೆಸರೂ ಕೊಕ್ಕೆ ಎಂದೇ ಆಗಿಹೋಗಿತ್ತು.

“ಅತ್ತಿಗೆ, ನೀವು ಬರಬಾರದಿತ್ತು. ಪೊಲೀಸ್ರು ನನ್ನ ತೊಗಲು ಸುಲೀತಾರೆ.”

“ನಿನ್ನ ತೊಗಲು ಸುಲಿದ್ರೆ ಒಂದು ಚಪ್ಪಲಿಗೂ ಸಾಕಾಗಲ್ಲ. ದಾರಿ ಬಿಡು. ಅರ್ಧ ಗಂಟೆ ಸಾಕು.”

ಅವನು ನಗಲಿಲ್ಲ. ಯಾವಾಗಲೂ ನಗುವವನು.

ಕೆಂಪು ಕಾರು ಮೂಲೆಯಲ್ಲಿ ಮುಂಗಾಲು ಮುರಿದ ಮೇಕೆಯಂತೆ ಒಂದು ಕಡೆ ಕುಸಿದು ನಿಂತಿತ್ತು. ಚಿಕ್ಕದು, ತಗ್ಗು ಮೈಯದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೂ ಈಜು ಟೀಚರ್ ಅದನ್ನು ಮಗುವಿನಂತೆ ಉಜ್ಜಿ ತೊಳೆಯುತ್ತಿದ್ದಳು. ಭಾನುವಾರ ಈಜಿನ ಪಾಠ ಮುಗಿಸಿ ಟಾರ್ಚಮ್ಮನ ಮಗಳನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಅವಳಪ್ಪನ ಚಕ್ರದ ಅಂಗಡಿಗೆ ಬಂದಿದ್ದಳಂತೆ. ಇಬ್ಬರ ಕೂದಲೂ ಇನ್ನೂ ಒದ್ದೆಯಿತ್ತಂತೆ.

ಕಾರಿನೊಂದಿಗೆ ಬಂದಿದ್ದ ಚಕ್ರ ಹದಿನಾರು ಇಂಚಿನದು. ಟೀಚರಿಗೆ ಹತ್ತೊಂಬತ್ತು ಬೇಕಿತ್ತು. ಪತ್ರಿಕೆಯ ಚಿತ್ರದಲ್ಲಿ ಹಾಗಿತ್ತು.

ಅಂಥವರೊಡನೆ ಗಂಡ ವಾದ ಮಾಡುತ್ತಿರಲಿಲ್ಲ. “ಗೂಡು ಇದ್ದಷ್ಟು ಚಕ್ರ ಹಾಕು” ಎನ್ನುವುದು ಅವನ ಗಾದೆ; ಗೂಡು ಎಂದರೆ ಚಕ್ರದ ಮೇಲಿನ ಕಮಾನು. ರಿಮ್ ಒಂದಿಂಚು ದೊಡ್ಡದಾದರೆ ರಬ್ಬರ್ ಅಷ್ಟೇ ತೆಳ್ಳಗಾಗಬೇಕು, ಒಟ್ಟು ಎತ್ತರ ಮಾತ್ರ ಕಂಪನಿ ಕೊಟ್ಟಷ್ಟೇ ಇರಬೇಕು. ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ, ಸ್ಟೇರಿಂಗ್ ಸೋಮಾರಿಯಾಗುತ್ತದೆ, ಟೈರು ಗೂಡನ್ನು ನೆಕ್ಕುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ಅವನು ಕಂಡುಕೊಂಡದ್ದು ‘ಗೇಟ್ ಪರೀಕ್ಷೆ’.

ಪ್ರದರ್ಶನಕ್ಕೆಂದು ಇಟ್ಟ ಹತ್ತೊಂಬತ್ತರ ದಪ್ಪ ಚಕ್ರಗಳನ್ನೇ ಗಿರಾಕಿಯ ಕಾರಿಗೆ ಎರಡೆರಡು ನಟ್ಟು ಬಿಗಿದು ಹಾಕುತ್ತಿದ್ದ. ಅಂಗಡಿಯ ಅಂಗಳದಲ್ಲಿ, ಗೇಟಿನ ತನಕ ಮಾತ್ರ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಓಡಿಸಲು ಹೇಳುತ್ತಿದ್ದ. ಕರ್ರ್ ಎಂದು ಟೈರು ಗೂಡಿಗೆ ಉಜ್ಜುವ ಸದ್ದು ಕೇಳಿದೊಡನೆ ಗಿರಾಕಿಯ ಮುಖ ಸಪ್ಪಗಾಗುತ್ತಿತ್ತು. ಆಮೇಲೆ ಅವರೇ, “ನೀವು ಹೇಳಿದ್ದೇ ಹಾಕಿ” ಎನ್ನುತ್ತಿದ್ದರು. ಈ ಕಾರಿಗೆ ಅವನು ಹೇಳಿದ್ದು ಹದಿನೇಳು.

ಗಂಡ ಠಾಣೆಯಲ್ಲಿ ಹೇಳಿದ್ದು ಇಷ್ಟು: ಗೇಟ್ ಪರೀಕ್ಷೆ ಮಾಡಿದೆ, ಹತ್ತೊಂಬತ್ತನ್ನು ಬಿಚ್ಚಿ ಹದಿನೇಳು ಹಾಕಲು ಮರೆತೆ, ಎರಡೆರಡು ನಟ್ಟಿನಲ್ಲೇ ಕಳಿಸಿಬಿಟ್ಟೆ.

ಮರೆತೆ! ಮಲಗುವ ಮುಂಚೆ ಗ್ಯಾಸ್ ಆರಿಸಿದೆಯಾ ಎಂದು ಮೂರು ಸಲ ಕೇಳುವವನು.

ಟಾರ್ಚಮ್ಮ ಗೋಣಿಚೀಲ ಹಾಸಿ ಕಾರಿನ ಪಕ್ಕ ಮಲಗಿದಳು. ಬೆಳಕು ಮುಂದಿನ ಬಲಗಡೆಯ ಗೂಡಿನೊಳಗೆ ಹರಿದಾಡಿತು. ಒಳಗಿನ ಪ್ಲಾಸ್ಟಿಕ್ ಕವಚದ ಮೇಲೆ ಒಂದೇ ಒಂದು ಉಜ್ಜಿದ ಗುರುತು, ಬಿದಿಗೆ ಚಂದ್ರನಷ್ಟು ತೆಳ್ಳಗೆ.

“ಕೊಕ್ಕೆ, ಅಂಗಡಿಯಿಂದ ಕೆರೆ ತಿರುವಿಗೆ ಎಷ್ಟು ದೂರ?”

“ಇಪ್ಪತ್ತು ಕಿಲೋಮೀಟರ್. ಯಾಕೆ?”

“ರಸ್ತೆ?”

“ಅದನ್ನ ರಸ್ತೆ ಅಂತ ಕರೆಯೋರು ಅದನ್ನ ಮಾಡಿಸಿದೋರು ಮಾತ್ರ.”

“ಇಷ್ಟು ದಪ್ಪ ಚಕ್ರ ಆ ಗುಂಡಿಗಳಲ್ಲಿ ಇಪ್ಪತ್ತು ಕಿಲೋಮೀಟರ್ ಕುಣಿದಿದ್ರೆ ಈ ಪ್ಲಾಸ್ಟಿಕ್ಕು ಇಲಿ ತಿಂದ ರೊಟ್ಟಿ ಥರ ಇರಬೇಕಿತ್ತು. ಇಲ್ಲಿ ಒಂದೇ ಗೆರೆ ಇದೆ. ಗೇಟಿನ ತನಕ ಹೋಗಿ ಬಂದ ಗೆರೆ.”

ಕೊಕ್ಕೆ ಗೇಟಿನತ್ತ ನೋಡಿದ.

ಅವಳು ಹಿಂದಿನ ಬಲ ಚಕ್ರದ ಎರಡು ನಟ್ಟು ಬಿಚ್ಚಿದಳು. ಭಾರದ ಚಕ್ರ ಕೈಗೆ ಬಂದಾಗ ಅದರ ಹಿಂದೆ, ನಡುವಿನ ಗುಬ್ಬಟದ ಮೇಲೆ, ಬಿಳಿಯ ಪ್ಲಾಸ್ಟಿಕ್ ಬಳೆಯೊಂದು ಅಂಟಿಕೊಂಡೇ ಇತ್ತು.

ಅವಳು ಬಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

ಹದಿನೇಳರ ರಿಮ್ಮಿನ ನಡುವಿನ ತೂತು ಈ ಕಾರಿಗೆ ತುಸು ದೊಡ್ಡದು. ಚಕ್ರ ನಡುವಿನಲ್ಲೇ ಕೂರಲಿ, ಅದುರದಿರಲಿ ಎಂದು ಗಂಡ ಈ ಬಳೆ ತೊಡಿಸುತ್ತಿದ್ದ. ಹತ್ತೊಂಬತ್ತರ ಪರೀಕ್ಷೆಗೆ ಇದು ಬೇಕಿಲ್ಲ. ಅಂದರೆ ಹದಿನೇಳು ಈ ಕಾರಿಗೆ ಕೂತಿತ್ತು. ಗುದ್ದಿದ ಮೇಲೆ ಯಾರೋ ಅದನ್ನು ಬಿಚ್ಚಿ ಹತ್ತೊಂಬತ್ತು ಹಾಕಿದ್ದಾರೆ. ಬಳೆ ಮಾತ್ರ ಮರೆತಿದ್ದಾರೆ.

ಗಂಡ ಮರೆತಿರಲಿಲ್ಲ. ಗಂಡ ಸುಳ್ಳು ಹೇಳುತ್ತಿದ್ದ.

ಅವಳು ಚಕ್ರವನ್ನು ಮತ್ತೆ ಕೂರಿಸಿ, ಮೇಲೆದ್ದು ಕೈ ಒರೆಸಿಕೊಂಡಳು. “ಭಾನುವಾರ ಸಾಯಂಕಾಲದಿಂದ ಸೋಮವಾರ ಬೆಳಿಗ್ಗೆ ಪೊಲೀಸರು ಬರೋ ತನಕ ಈ ಕಾರು ಎಲ್ಲಿತ್ತು?”

“ಇಲ್ಲೇ.”

“ಗೇಟಿನ ಬೀಗ?”

“ನನ್ನ ಹತ್ರ.”

“ಹಾಗಾದ್ರೆ ಹದಿನೇಳರ ಚಕ್ರಗಳು ರೆಕ್ಕೆ ಕಟ್ಕೊಂಡು ಹಾರಿಹೋದ್ವಾ?”

“ಅತ್ತಿಗೆ, ಕಂಪನಿ ನಿಮ್ಮನ್ನ ಈ ಕೇಸಿಂದ ತೆಗೆದಿದೆ. ನೀವು ನನ್ನ ವಿಚಾರಣೆ ಮಾಡೋ ಹಾಗಿಲ್ಲ.”

“ಕಂಪನಿ ಕೇಳ್ತಿಲ್ಲ. ನಿನಗೆ ಟೈಫಾಯ್ಡ್ ಆದಾಗ ಇಪ್ಪತ್ತು ದಿನ ಗಂಜಿ ಕುಡಿಸಿದವಳು ಕೇಳ್ತಿದ್ದಾಳೆ.”

ಅವನ ಮುಖ ಕೆಂಪಾಯಿತು. “ಅದನ್ನ ಎತ್ತಬೇಡಿ.”

“ಎತ್ತೇ ಎತ್ತುತ್ತೀನಿ. ನಿನ್ನ ಕೈಯಲ್ಲಿ ಏನೋ ತಪ್ಪಾಗಿದೆ. ರಿಪೇರಿ ಮಾಡಿದ ರಿಮ್ಮನ್ನ ಹೊಸದು ಅಂತ ತಂದುಕೊಟ್ಟೆಯಾ? ಅದು ಒಡೆದು ಚಕ್ರ ಕಳಚ್ತಾ? ನಿಮ್ಮಣ್ಣ ನಿನ್ನ ಉಳಿಸೋಕೆ ಒಳಗೆ ಕೂತಿದ್ದಾನಾ?”

“ಥೂ!” ಕೊಕ್ಕೆ ಕಾಲ ಬಳಿಯಿದ್ದ ಡಬ್ಬಿಯನ್ನು ಒದ್ದ. ಅದು ಉರುಳುತ್ತ ಹೋಗಿ ಬೇಲಿಗೆ ಬಡಿಯಿತು. “ನಾನು ಕುಡೀತೀನಿ, ಇಸ್ಪೀಟು ಆಡ್ತೀನಿ, ಒಪ್ಕೊಂಡೆ. ಮನುಷ್ಯರ ಜೀವದ ಮೇಲೆ ವ್ಯಾಪಾರ ಮಾಡಿಲ್ಲ. ರಿಮ್ಮುಗಳು ಹೊಸವು. ಒಂದೂ ಒಡೆದಿಲ್ಲ.”

“ಒಡೆದಿಲ್ಲ ಅಂತ ನಿನಗೆ ಹೇಗೆ ಗೊತ್ತು?”

ಮಾತು ಬಾಯಿಂದ ಜಾರಿಹೋಗಿತ್ತು. ಹಿಂದಕ್ಕೆ ಎಳೆದುಕೊಳ್ಳಲು ಅವನ ಕೊಕ್ಕೆಗೂ ಆಗುವಂತಿರಲಿಲ್ಲ. ಅವನು ಟ್ರಕ್ಕಿನ ಮೆಟ್ಟಿಲ ಮೇಲೆ ಕುಸಿದು ಕೂತ.

“ಅಣ್ಣ ಮಾಡಿಸಿದ. ಕಾರು ತಂದ ಕೂಡಲೇ ಬಂದು ಕಳಚಿದ ಚಕ್ರ ನೋಡಿ ಹೋದ. ಭಾನುವಾರ ಸಂಜೆ ಆರು ಗಂಟೆಗೆ ಹತ್ತೊಂಬತ್ತರ ಚಕ್ರಗಳನ್ನ ಆಟೋದಲ್ಲಿ ಹಾಕ್ಕೊಂಡು ಬಂದ. ‘ಇವನ್ನ ಹಾಕು, ಹದಿನೇಳನ್ನ ಗುಜರಿಯಲ್ಲಿ ಕತ್ತರಿಸಿ ಹಾಕು’ ಅಂದ. ತಲೆ ಕೆಟ್ಟಿದ್ಯಾ ಅಂದೆ. ಅಣ್ಣ, ಅತ್ತಿಗೆ… ನನಗಿಂತ ಹತ್ತು ವರ್ಷ ದೊಡ್ಡೋನು… ನನಗೆ ಕೈ ಮುಗಿದ.”

“ಯಾಕೆ ಅಂತ ಕೇಳಲಿಲ್ವಾ?”

“ಕೇಳ್ದೆ. ‘ನಿನಗೆ ಮಕ್ಕಳಿಲ್ಲ, ಅರ್ಥ ಆಗಲ್ಲ’ ಅಂದ.” ಕೊಕ್ಕೆ ನೆಲ ನೋಡುತ್ತ ಸೇರಿಸಿದ. “ನಿಮಗೆ ಮಾತ್ರ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ. ‘ಅವಳು ನೋಡಿದ್ರೆ ಬರೆದುಬಿಡ್ತಾಳೆ. ಸುಳ್ಳು ಬರೆಯೋಕೆ ಅವಳ ಕೈಗೆ ಬರಲ್ಲ’ ಅಂದ.”

ದೂರದಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು. ಒಂಬತ್ತೂ ನಲವತ್ತು.

“ಕತ್ತರಿಸಿಬಿಟ್ಟೆಯಾ?”

ಅವನು ತಲೆ ಅಲ್ಲಾಡಿಸಿದ. “ಹೊಸ ಚಕ್ರ. ಮನಸ್ಸು ಬರಲಿಲ್ಲ.”

ಟ್ರಕ್ಕಿನ ಹಿಂಭಾಗದ ಟಾರ್ಪಾಲನ್ನು ಅವನೇ ಎತ್ತಿದ. ಬೂದು ಬಣ್ಣದ ನಾಲ್ಕು ಚಕ್ರಗಳು, ತೆಳ್ಳನೆಯ ಟೈರು, ಆ ಚಿಕ್ಕ ಕಾರಿಗೆ ಅಳತೆ ಕೊಟ್ಟು ಹೊಲಿಸಿದಂಥವು. ಒಂದರ ಅಂಚು ಗೋಡೆಗೋ ಕಲ್ಲಿಗೋ ತಗುಲಿ ಕೆತ್ತಿಹೋಗಿತ್ತು. ಅದು ಮುಂದಿನ ಎಡದ್ದು.

ಟಾರ್ಚಮ್ಮ ಮೊದಲು ಉಳಿದ ಮೂರನ್ನು ನೋಡಿದಳು. ಅದು ಅವಳ ಅಭ್ಯಾಸ: ಸರಿಯಿರುವುದನ್ನು ಮೊದಲು ನೋಡಿದರೆ ಸರಿಯಿಲ್ಲದ್ದು ತಾನೇ ಮಾತಾಡುತ್ತದೆ.

ಮೂರೂ ಚಕ್ರಗಳಲ್ಲಿ, ಐದೈದು ತೂತಿನ ಪಕ್ಕದಲ್ಲೂ, ಒಂದೊಂದು ಹಳದಿ ಗೆರೆ. ಗಂಡನ ಇನ್ನೊಂದು ಕಟ್ಟುನಿಟ್ಟು ಅದು. ನಟ್ಟನ್ನು ಸ್ಪ್ಯಾನರಿನಲ್ಲಿ ‘ಕಟಕ್’ ಎನ್ನುವ ತನಕ ಬಿಗಿದ ಮೇಲೆ, ನಟ್ಟಿನಿಂದ ರಿಮ್ಮಿಗೆ ಸೇರುವಂತೆ ಹಳದಿ ಪೇಂಟಿನ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದ. ನಟ್ಟು ಸಡಿಲವಾಗಿ ತಿರುಗಿದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಗೆರೆ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ಗೆರೆ ಇರುವ ನಟ್ಟನ್ನು ಅಂಗಡಿಯಲ್ಲಿ ಯಾರೂ ಮತ್ತೆ ಮುಟ್ಟುವುದಿಲ್ಲ, ಅವನೂ ಮುಟ್ಟುವುದಿಲ್ಲ.

ಗೆರೆಗಳು ಅವನ ಹಾಗೆಯೇ ಇದ್ದವು. ಗಿಡ್ಡ, ನೇರ, ಹೆಚ್ಚು ಮಾತಿಲ್ಲದವು.

ನಾಲ್ಕನೇ ಚಕ್ರದತ್ತ ಬೆಳಕು ಹೊರಳಿಸಿದಳು. ಐದೂ ತೂತುಗಳು ಮೊಟ್ಟೆಯಂತೆ ಉದ್ದುದ್ದವಾಗಿದ್ದವು. ಸಡಿಲ ನಟ್ಟಿನ ಮೇಲೆ ಚಕ್ರ ಇಪ್ಪತ್ತು ಕಿಲೋಮೀಟರ್ ತೂರಾಡಿದರೆ ಹೀಗಾಗುತ್ತದೆ. ಈ ನಟ್ಟುಗಳನ್ನು ಯಾರೂ ಬಿಗಿದಿರಲಿಲ್ಲ. ಕೈಯಲ್ಲಿ ತಿರುಗಿಸಿ ಕೂರಿಸಿದ್ದರು, ಅಷ್ಟೆ.

ಆದರೂ ಹಳದಿ ಗೆರೆಗಳಿದ್ದವು.

ಅವಳು ಬಗ್ಗಿದಳು. ಇನ್ನೂ ಬಗ್ಗಿದಳು.

ಐದು ಗೆರೆಗಳು. ಒಂದೊಂದರ ತುದಿಯಲ್ಲೂ ಒಂದು ಪುಟ್ಟ ಸುರುಳಿ. ಬಸವನ ಹುಳು.

“ಏನಾಯ್ತು ಅತ್ತಿಗೆ? ಏನು ಕಾಣಿಸ್ತು?”

ಅವಳಿಗೆ ಆ ಫೋನ್ ನೆನಪಾಯಿತು. ಭಾನುವಾರ ಹನ್ನೆರಡೂಕಾಲಿಗೆ ಅಂಗಡಿಗೆ ಫೋನ್ ಮಾಡಿದವಳು ತಾನೇ. ಬಟ್ಟೆ ಸೋಪು ಮುಗಿದಿದೆ, ಬರುವಾಗ ತನ್ನಿ, ನೀಲಿ ಕಾಗದದ್ದು ಬೇಡ, ಅದು ಕೈ ಉರಿಸುತ್ತೆ. “ಒಂದು ಚಕ್ರ ಬಾಕಿ ಇದೆ ಕಣೇ, ಇಡ್ತೀನಿ” ಎಂದಿದ್ದ ಅವನು. “ಎರಡೇ ನಿಮಿಷ” ಎಂದು ಅವಳೇ ಹಿಡಿದಿಟ್ಟುಕೊಂಡು ನಾಲ್ಕು ನಿಮಿಷ ಮಾತಾಡಿದ್ದಳು. ಫೋನಿನ ಹಿಂದೆ ಈಜು ಟೀಚರಿನ ನಗು ಕೇಳಿತ್ತು, ಜೊತೆಗೆ ಮಗಳದೂ.

ಗೇಟಿನ ಹೊರಗೆ ಲಾರಿ ನಿಂತಿತು. ಬಾಗಿಲು ಬಡಿದ ಸದ್ದು. ದಫೇದಾರರ ಗಂಟಲು: “ಏ ಕೊಕ್ಕೆ, ಗೇಟ್ ತೆಗಿಯೋ!”

ಕೊಕ್ಕೆ ಗಾಬರಿಯಿಂದ ಎದ್ದು ನಿಂತ. “ಅತ್ತಿಗೆ, ಈ ಚಕ್ರ ತೋರಿಸಿದ್ರೆ ಅಣ್ಣ ಹೊರಗೆ ಬರ್ತಾನೆ. ಮರೆತೆ ಅಂದಿದ್ದು ಸುಳ್ಳು ಅಂತ ಗೊತ್ತಾಗುತ್ತೆ. ನಾನು ಒಳಗೆ ಹೋದ್ರೂ ಪರವಾಗಿಲ್ಲ. ತೋರಿಸಿಬಿಡಲಾ?”

ಹನ್ನೆರಡು ವರ್ಷ. ಕಂಡದ್ದನ್ನು ಕಂಡ ಹಾಗೆ ಬರೆದ ಸಾವಿರ ವರದಿ. ದೊಡ್ಡ ದೊಡ್ಡವರು ಬಂದು ಬಾಗಿಲಲ್ಲಿ ನಿಂತರೂ ಒಂದು ಸಾಲು ಅಳಿಸಿದವಳಲ್ಲ.

ಟಾರ್ಚಮ್ಮ ಬೆಳಕು ಆರಿಸಿದಳು. ಟಾರ್ಪಾಲಿನ ಅಂಚು ಹಿಡಿದು, ಮಲಗಿದ ಮಗುವಿಗೆ ಹೊದಿಸುವವಳಂತೆ, ನಾಲ್ಕೂ ಚಕ್ರಗಳ ಮೇಲೆ ಮೆಲ್ಲಗೆ ಎಳೆದಳು.

“ಹೋಗಿ ಗೇಟ್ ತೆಗಿ,” ಎಂದಳು. ಧ್ವನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ.

*

ಮನೆ ತಲುಪಿದಾಗ ಹತ್ತೂ ಮುಕ್ಕಾಲು. ಟೈಲರಮ್ಮನ ಹೊಲಿಗೆ ಮಿಷನ್ನು ಪಕ್ಕದಲ್ಲಿ ಓಡುತ್ತಿತ್ತು, ನಿಲ್ಲುತ್ತಿತ್ತು, ಓಡುತ್ತಿತ್ತು.

“ಏನೂ ತಿನ್ನಲಿಲ್ಲ ಕಣಮ್ಮ ನಿನ್ನ ಮಗಳು,” ಎಂದಳು ಟೈಲರಮ್ಮ ಕಿಟಕಿಯಿಂದ. “ಇನ್ನೊಂದು ಜಡೆ ನಾನು ಹಾಕ್ತೀನಿ ಬಾ ಅಂದ್ರೆ ಬೇಡ್ವಂತೆ. ಅಮ್ಮನೇ ಹಾಕಬೇಕಂತೆ. ನಾನು ಬಟ್ಟೆ ಮಾತ್ರ ಹೊಲಿಯೋದು, ತಲೆ ಹೊಲಿಯಲ್ಲ ಅಂದೆ, ನಗಲೂ ಇಲ್ಲ.”

ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಕಡೆ ಜಡೆ. ಇನ್ನೊಂದು ಕಡೆ ಕೂದಲು ಭುಜದ ಮೇಲೆ ಚೆಲ್ಲಿತ್ತು. ರಿಬ್ಬನ್ ಮುಷ್ಟಿಯಲ್ಲಿ ಮುದುಡಿ ಒದ್ದೆಯಾಗಿತ್ತು.

ಟಾರ್ಚಮ್ಮ ಕೈ ತೊಳೆದಳು. ಗ್ರೀಸು ಉಗುರಿನ ಸಂದಿಯಿಂದ ಹೋಗಲಿಲ್ಲ. ಬಾಚಣಿಗೆ ತಂದು ಮಗಳ ಹಿಂದಿನ ಮೆಟ್ಟಿಲಲ್ಲಿ ಕೂತಳು.

ಒಳಗಿನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸಹಿಗೆ ಇನ್ನು ಒಂದು ಗಂಟೆ ಚಿಲ್ಲರೆ ಉಳಿದಿತ್ತು. ಠಾಣೆಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ಎರಡು ಮಾತು ಹೇಳಿದರೆ ಸಾಕು, ಗಂಡನ ಪೆನ್ನು ನಿಲ್ಲುತ್ತದೆ. ಹೇಳಿದರೆ ಆ ಐದು ಗೆರೆಗಳನ್ನೂ ತೋರಿಸಬೇಕು. ಇದು ಯಾರ ಕೈ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಈ ಪುಟ್ಟ ತಲೆ ಜೀವಮಾನವಿಡೀ ಹೊರಬೇಕು. ಆಸ್ಪತ್ರೆಯಲ್ಲಿ ಆ ಟೀಚರ್ ಕಣ್ಣು ತೆರೆಯದಿದ್ದರೆ?

ಹೇಳದಿದ್ದರೆ ಅವನು ಹೊರುತ್ತಾನೆ. ಅವನು ಆರಿಸಿಕೊಂಡಾಗಿದೆ.

ಕೂದಲನ್ನು ಮೂರು ಎಳೆ ಮಾಡಿದಳು. ಮೊದಲ ಹೆಣಿಗೆ. ಎರಡನೆಯದು.

“ನೋವಾಗ್ತಿದ್ಯಾ ಮರಿ?”

ಇಲ್ಲವೆಂದು ತಲೆ ಅಲ್ಲಾಡಿತು. ಅಮ್ಮನ ಕೈಯಲ್ಲಿದ್ದ ಕೂದಲೂ ಅದರೊಡನೆ ಅಲ್ಲಾಡಿತು.

“ಬಿಗಿಯಾಯ್ತಾ?”

ಆ ಮಾತು ಕೇಳಿ ಮಗಳ ಬೆನ್ನು ನೆಟ್ಟಗಾಯಿತು. ಪಕ್ಕದ ಮನೆಯ ಮಿಷನ್ನು ನಿಂತುಹೋಯಿತು. ಮಗಳು ಹಿಂದಕ್ಕೆ ತಿರುಗಲಿಲ್ಲ. ಬೀದಿಯನ್ನೇ ನೋಡುತ್ತ, ಎರಡು ದಿನದಿಂದ ನುಂಗಿ ನುಂಗಿ ಸವೆಸಿದ್ದ ಮಾತನ್ನು ಕೊನೆಗೂ ಹೊರಗೆ ತಂದಳು.

“ಅಮ್ಮಾ… ಅಪ್ಪ ನಿನ್ನ ಹತ್ರ ಫೋನಲ್ಲಿ ಇದ್ರಲ್ಲ, ಟೀಚರ್‌ಗೆ ಬೇಗ ಹೋಗಬೇಕಿತ್ತು, ಅದಕ್ಕೆ ನಾನು ಸಹಾಯ ಮಾಡೋಣ ಅಂತ… ಅಪ್ಪ ಬಿಗಿ ಮಾಡೋಕೆ ಮುಂಚೇನೇ ನಾನು ಹಳದಿ ಗೆರೆ ಹಾಕಿಬಿಟ್ಟಿದ್ರೆ, ಟೀಚರ್ ಕಾರಿನ ಚಕ್ರ ಅದಕ್ಕೇ ಬಿದ್ದುಹೋಯ್ತಾ?”